ಬದುಕಲ್ಲಿ ಎಡವಿ ಬೇಗ ಸತ್ತ ಕ್ಲೈಂಬರ್‌ಗಳನ್ನು ನಾವು ಯಾಕೆ ಇಷ್ಟು ಕೊಂಡಾಡುತ್ತೇವೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಕ್ಲೈಂಬಿಂಗ್ ಶುರು ಮಾಡಿ ಕೆಲವು ತಿಂಗಳಾಗಿದೆ. ಬಂಡೆ ಹತ್ತಿಳಿದು ಕೂತಾಗಲೆಲ್ಲ ಹಳಬರು ಒಂದೇ ಥರದ ಕತೆ ಹೇಳುತ್ತಾರೆ: ಯಾರೋ ಒಬ್ಬ ಭಾರೀ ಪ್ರತಿಭಾವಂತ, ಅವನಿಗೆ ಕುಡಿತ, ಸಾಲ, ಮನಸ್ಸಿನ ಕಾಟ ಏನೋ ಒಂದು, ಕೊನೆಗೆ ಚಿಕ್ಕ ವಯಸ್ಸಲ್ಲೇ ಸಾವು. ಹೇಳುವಾಗ ಅವರ ಮುಖ ಅರಳುತ್ತದೆ. ಇದೇನು, ಸಾವನ್ನೇ ಮೆಚ್ಚುವುದಾ ಅಂತ ನಿಮ್ಮ ಅನುಮಾನ. ಅಂಥ ಮಾತು ಬಂದಾಗ ಏನು ಹೇಳಬೇಕು ಅಂತಲೂ ಕೇಳಿದ್ದೀರಿ.

ನಾನು ರಾಮನಗರ, ಬಾದಾಮಿ ಕಡೆ ಸುಮಾರು ವರ್ಷದಿಂದ ಹತ್ತುತ್ತಿದ್ದೇನೆ. ಈ ಕತೆಗಳನ್ನು ಕೇಳಿದ್ದೇನೆ, ಹೇಳಿಯೂ ಇದ್ದೇನೆ. ಸಾವನ್ನು ಮೆಚ್ಚುವುದು ಅಂತ ನನಗನ್ನಿಸುವುದಿಲ್ಲ. ಅದಕ್ಕಿಂತ ಸ್ವಲ್ಪ ನಾಜೂಕಾದ ವಿಷಯ ಇದು.

ಮೊದಲನೆಯದಾಗಿ, ಬಂಡೆ ಹತ್ತುವುದನ್ನು ಕ್ರೀಡಾಂಗಣದಲ್ಲಿ ಕೂತು ಯಾರೂ ನೋಡುವುದಿಲ್ಲ. ಗೋಡೆ ಮೇಲಿನ ಸ್ಪರ್ಧೆಗಳು ಬಿಟ್ಟರೆ ಸ್ಕೋರ್‌ಬೋರ್ಡ್ ಇಲ್ಲ, ಅಂಪೈರ್ ಇಲ್ಲ. ಹತ್ತಿದವನು ಬಂದು ಹೇಳಬೇಕು, ನಾವು ನಂಬಬೇಕು. ಅಂದರೆ ನಮ್ಮಲ್ಲಿ ದೊಡ್ಡವರಾಗುವುದು ಕತೆಯಿಂದಲೇ. ಬಾಕಿ ಉಳಿದ, ಅರ್ಧಕ್ಕೆ ನಿಂತ ಕತೆಗೆ ಜಾಸ್ತಿ ಆಯಸ್ಸು. ಇದು ಹೊಸದೂ ಅಲ್ಲ. ಮ್ಯೂನಿಕ್‌ನ ಜಾರ್ಜ್ ವಿಂಕ್ಲರ್ 1888ರಲ್ಲಿ ಸ್ವಿಟ್ಜರ್ಲೆಂಡಿನ ವೈಸ್‌ಹಾರ್ನ್ ಶಿಖರದಲ್ಲಿ ಒಬ್ಬನೇ ಹೋಗಿ ಸತ್ತಾಗ ಅವನಿಗೆ 18 ವರ್ಷ. ಹಿಂದಿನ ವರ್ಷ ಅವನು ಒಬ್ಬನೇ ಹತ್ತಿದ್ದ ಡಾಲಮೈಟ್ಸ್ ಬೆಟ್ಟಸಾಲಿನ ಒಂದು ಗೋಪುರದಂಥ ಶಿಖರಕ್ಕೆ ಇವತ್ತಿಗೂ ಅವನದೇ ಹೆಸರು. ಹಗ್ಗ, ಮೊಳೆಗಳ ಆಸರೆ ಇಲ್ಲದೆ ಹತ್ತಬೇಕು ಅಂತ ವಾದಿಸುತ್ತಿದ್ದ ಆಸ್ಟ್ರಿಯಾದ ಪಾಲ್ ಪ್ರೂಸ್ 1913ರಲ್ಲಿ 27ನೇ ವಯಸ್ಸಿಗೆ ಹಾಗೆಯೇ ಬಿದ್ದು ಸತ್ತ. ನೂರು ವರ್ಷ ದಾಟಿದರೂ ಆ ಹೆಸರು ಮಾಸಿಲ್ಲ.

ನಮಗಿದು ಗೊತ್ತಿಲ್ಲದ್ದೇನಲ್ಲ ಬಿಡಿ. 1990ರಲ್ಲಿ 35ಕ್ಕೇ ಹೋದ ಶಂಕರ್ ನಾಗ್ ಇವತ್ತಿಗೂ ಆಟೋಗಳ ಹಿಂದೆ 35ರಲ್ಲೇ ಇದ್ದಾರೆ.

ಆದರೆ ನೀವು ಕೇಳಿದ್ದು ಬರೀ ಬೇಗ ಸತ್ತವರ ಬಗ್ಗೆ ಅಲ್ಲ, ಬದುಕು ಹದಗೆಟ್ಟಿದ್ದವರ ಬಗ್ಗೆ. ಅದಕ್ಕೆ ಅಮೆರಿಕದ ಕ್ಲೈಂಬರ್ ಡ್ಯಾನ್ ಓಸ್ಮನ್‌ನನ್ನೇ ನೋಡೋಣ. ನಿಮ್ಮ ಹಳಬರೂ ಅವನ ಹೆಸರು ಎತ್ತಿಯೇ ಇರುತ್ತಾರೆ. ಕ್ಯಾಲಿಫೋರ್ನಿಯಾದ ಲವರ್ಸ್ ಲೀಪ್ ಅನ್ನುವ ಬಂಡೆಯಲ್ಲಿ ಬೇರ್ಸ್ ರೀಚ್ ಅಂತ ಒಂದು ದಾರಿ, ಸುಮಾರು 400 ಅಡಿ. ಹಗ್ಗ ಇಲ್ಲದೆ 4 ನಿಮಿಷ 25 ಸೆಕೆಂಡಿನಲ್ಲಿ ಹತ್ತಿದ. ವಿಡಿಯೋ ಇದೆ. ಉದ್ದ ಕೂದಲು, ಬಂಡೆ ಮೇಲೆ ಓಡಿದ ಹಾಗೆ ಹೋಗುತ್ತಾನೆ. ಒಂದು ಕಡೆ ಎರಡೂ ಕೈ ಬಿಟ್ಟು ಮೇಲಕ್ಕೆ ನೆಗೆದು ಹಿಡಿತ ಹಿಡಿಯುತ್ತಾನೆ. ಎಷ್ಟು ಸಲ ನೋಡಿದರೂ ಹೊಟ್ಟೆ ಜುಮ್ಮೆನ್ನುತ್ತದೆ. ಆ ದಾರಿಯ ಗ್ರೇಡ್ 5.7, ಹಗ್ಗ ಕಟ್ಟಿಕೊಂಡರೆ ನೀವೂ ಸ್ವಲ್ಪ ದಿನದಲ್ಲಿ ಹತ್ತಬಹುದಾದದ್ದು. ಈ ವಿಷಯ ಯಾರೂ ಹೇಳುವುದಿಲ್ಲ!

ಆಮೇಲೆ ಅವನಿಗೆ ಹತ್ತುವುದಕ್ಕಿಂತ ಬೀಳುವುದೇ ಹುಚ್ಚಾಯಿತು. ಎತ್ತರದ ಬಂಡೆಗಳಿಂದ ಹಗ್ಗ ಕಟ್ಟಿಕೊಂಡು ಬೇಕಂತಲೇ ಹಾರುವುದು, ಪ್ರತಿ ಸಲ ಇನ್ನಷ್ಟು ದೂರ. 1998ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಲೀನಿಂಗ್ ಟವರ್ ಬಂಡೆಯಲ್ಲಿ ಇದಕ್ಕೆ ಹಗ್ಗಗಳನ್ನು ಕಟ್ಟಿದ. ಅಷ್ಟರಲ್ಲಿ ಪಾರ್ಕಿನ ರೇಂಜರ್‌ಗಳು ಹಿಡಿದರು. ಅಮಾನತಾಗಿದ್ದ ಲೈಸೆನ್ಸ್‌ನಲ್ಲಿ ಗಾಡಿ ಓಡಿಸಿದ್ದು ಸೇರಿ ಹಳೆಯ ಕೇಸುಗಳಿದ್ದವು. ಎರಡು ವಾರ ಜೈಲು. ಹಗ್ಗಗಳು ಮಾತ್ರ ಮಳೆ, ಹಿಮದಲ್ಲಿ ಅಲ್ಲೇ ಇದ್ದವು. ಬಿಡುಗಡೆಯಾದ ಮೇಲೆ ಬಿಚ್ಚಿ ತರಬೇಕಾದವನು ಮತ್ತೆ ಹಾರಿದ. ನವೆಂಬರ್ 23ರ ಹಾರಾಟ ಸಾವಿರ ಅಡಿಗೂ ಜಾಸ್ತಿ. ಹಾರುವ ಕೋನ ಬದಲಾಗಿತ್ತು. ಹಗ್ಗದ ಮೇಲೆ ಹಗ್ಗ ಉಜ್ಜಿ, ಆ ಬಿಸಿಗೆ ನೈಲಾನ್ ಕರಗಿ ತುಂಡಾಗಿರಬೇಕು ಅನ್ನುವುದು ಆಮೇಲೆ ಹೊರಬಂದ ವಿವರಣೆ. ಅವನಿಗೆ 35.

ಈಗ ನೋಡಿ, ಇದನ್ನು ಎರಡು ಥರ ಹೇಳಬಹುದು. ಒಂದು: ಕಾನೂನಿಗೂ ಗುರುತ್ವಾಕರ್ಷಣೆಗೂ ಬಗ್ಗದ ಮನುಷ್ಯ, ಕೊನೆಗೆ ತನ್ನ ದಾರಿಯಲ್ಲೇ ಹೋದ. ಇನ್ನೊಂದು: ಒಂದು ತಿಂಗಳು ಹೊರಗೆ ನೆನೆದ ಹಗ್ಗ, ಬದಲಾದ ಕೋನ. ನಮ್ಮ ಕ್ಯಾಂಪ್‌ಗಳಲ್ಲಿ ಮೊದಲನೆಯದೇ ಓಡುತ್ತದೆ. ಯಾಕೆಂದರೆ ಎರಡನೆಯದು ನಮಗೂ ಆಗಬಹುದು. ನನ್ನ ಹಗ್ಗ ಎಷ್ಟು ಹಳೆಯದು, ಕೊನೆಯಲ್ಲಿ ಗಂಟು ಹಾಕಿದ್ದೇನಾ, ಬಿಲೇ ಮಾಡುವವನು, ಅಂದರೆ ಹತ್ತುವವನ ಹಗ್ಗ ಹಿಡಿದು ಕಾಯುವವನು, ಮೊಬೈಲ್ ನೋಡುತ್ತಿದ್ದಾನಾ ಅಂತ ತಿರುಗಿ ನೋಡಬೇಕಾಗುತ್ತದೆ. ಮೊದಲನೆಯದರಲ್ಲಿ ಆ ರಗಳೆ ಇಲ್ಲ. ಅವನು ಬೇರೆ ಜಾತಿಯ ಮನುಷ್ಯ, ಅವನೊಳಗೆ ಏನೋ ಉರಿಯುತ್ತಿತ್ತು, ಅವನಿಗೆ ಹಾಗಾಯಿತು. ನಾನು ಸಾಮಾನ್ಯದವನು, ನನಗೆ ಆಗುವುದಿಲ್ಲ. ಅವನ ಕಾಟವೇ ನಮಗೆ ಧೈರ್ಯ ಕೊಡುತ್ತದೆ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಮುಖ್ಯ ಉತ್ತರ ಇದೇ.

ಅಮೆರಿಕನ್ ಆಲ್ಪೈನ್ ಕ್ಲಬ್ 1948ರಿಂದ ಕ್ಲೈಂಬಿಂಗ್ ಅಪಘಾತಗಳ ವಾರ್ಷಿಕ ವರದಿ ತರುತ್ತಿದೆ. ಒಂದೆರಡು ಓದಿ ನೋಡಿ. ಅಲ್ಲಿ ಹೀರೋಗಳಿಲ್ಲ. ಇಳಿಸುವಾಗ ಹಗ್ಗ ಸಾಲಲಿಲ್ಲ, ತುದಿಗೆ ಗಂಟು ಇರಲಿಲ್ಲ. ಮಾತು ಕೇಳಿಸದೆ ಬಿಲೇ ಬಿಚ್ಚಿದರು. ಹೀಗೇ ಸಾಗುತ್ತದೆ. ಬೆಂಕಿ ಸುತ್ತ ಕೂತಾಗ ಅದನ್ನು ಯಾರು ಹೇಳುತ್ತಾರೆ ಹೇಳಿ?

ಕತೆಗೆ ಒಗ್ಗದ ಇನ್ನೊಂದು ವಿಷಯವೂ ಉದುರಿ ಹೋಗುತ್ತದೆ: ಪಕ್ಕದವರಿಗೆ ಆದ ನಷ್ಟ. ಲೇಕ್ ತಾಹೋ ದಂಡೆಯ ಕೇವ್ ರಾಕ್‌ನಲ್ಲಿ ಕಠಿಣ ದಾರಿಗಳನ್ನು ಮಾಡಿದವರಲ್ಲಿ ಓಸ್ಮನ್ ಮುಂದಿದ್ದ. ಅಲ್ಲಿನ ವಾಶೋ ಬುಡಕಟ್ಟಿನವರಿಗೆ ಅದು ಪವಿತ್ರ ಜಾಗ. ಬಂಡೆಗೆ ಬೋಲ್ಟ್ ಹೊಡೆದು ಜನ ಅಲ್ಲಿ ಹತ್ತುತ್ತಿದ್ದರು. ಕೊನೆಗೆ ಅರಣ್ಯ ಇಲಾಖೆ ಕ್ಲೈಂಬಿಂಗ್ ನಿಷೇಧಿಸಿತು, 2007ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಮನೆಯಲ್ಲಿ ಅವನಿಗೊಬ್ಬ ಮಗಳೂ ಇದ್ದಳು. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುವಷ್ಟು ಕಟುವಾಗಿ ನಾನು ಹೇಳಲಾರೆ, ಆದರೆ ಮಗಳ ಮಾತು ಕತೆಯಲ್ಲಿ ಬರುವುದೇ ಅಪರೂಪ.

ಅದೇ ಹೆಂಗಸಾಗಿದ್ದರೆ? ಬ್ರಿಟನ್ನಿನ ಅಲಿಸನ್ ಹಾರ್‌ಗ್ರೀವ್ಸ್ 1995ರ ಮೇ ತಿಂಗಳಲ್ಲಿ ಆಕ್ಸಿಜನ್ ಇಲ್ಲದೆ, ಶೇರ್ಪಾಗಳ ನೆರವಿಲ್ಲದೆ ಎವರೆಸ್ಟ್ ಹತ್ತಿದರು. ಅದೇ ಆಗಸ್ಟ್‌ನಲ್ಲಿ ಕೆ2 ಶಿಖರ ಮುಟ್ಟಿ ಇಳಿಯುವಾಗ ಬಿರುಗಾಳಿಗೆ ಸಿಕ್ಕಿ ತೀರಿಕೊಂಡರು, 33ನೇ ವಯಸ್ಸಿಗೆ. ಆಗ ಪತ್ರಿಕೆಗಳಲ್ಲಿ ಎದ್ದ ಪ್ರಶ್ನೆ ಏನು ಗೊತ್ತಾ? ಎರಡು ಚಿಕ್ಕ ಮಕ್ಕಳ ತಾಯಿಗೆ ಇದೆಲ್ಲ ಬೇಕಿತ್ತಾ ಅಂತ. ಅಪ್ಪ ಸತ್ತರೆ ದಂತಕತೆ, ಅಮ್ಮ ಸತ್ತರೆ ಬೇಜವಾಬ್ದಾರಿ. ನಮ್ಮ ಮೆಚ್ಚುಗೆ ಎಷ್ಟು ನಿಷ್ಪಕ್ಷಪಾತ ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಜೊತೆಗಿದ್ದವರ ಹೆಸರೂ ಹೀಗೇ ಮಾಯವಾಗುತ್ತದೆ. ಕೆನಡಾದ ಮಾರ್ಕ್-ಆಂಡ್ರೆ ಲೆಕ್ಲೇರ್ 2018ರ ಮಾರ್ಚ್‌ನಲ್ಲಿ ಅಲಾಸ್ಕಾದ ಮೆಂಡನ್‌ಹಾಲ್ ಟವರ್ಸ್‌ನಿಂದ ವಾಪಸ್ ಬರಲಿಲ್ಲ. ವಯಸ್ಸು 25. ಅವನ ಮೇಲೆ 2021ರಲ್ಲಿ ಡಾಕ್ಯುಮೆಂಟರಿ ಬಂತು, ಜಗತ್ತಿಗೇ ಗೊತ್ತಾಯಿತು. ಅದೇ ಬೆಟ್ಟದಲ್ಲಿ ಅವನ ಜೊತೆಯಲ್ಲೇ ಸತ್ತ ರಯಾನ್ ಜಾನ್ಸನ್ ಹೆಸರು ಎಷ್ಟು ಜನರ ಬಾಯಲ್ಲಿದೆ? ಅಂದಹಾಗೆ ಲೆಕ್ಲೇರ್‌ಗೆ ಪ್ರಚಾರ ಬೇಕಿರಲೇ ಇಲ್ಲ. ಸಿನಿಮಾದವರ ಕೈಗೆ ಸಿಗದೆ ತಪ್ಪಿಸಿಕೊಂಡು ಹೋಗಿ ದೊಡ್ಡ ಸೋಲೋ, ಅಂದರೆ ಒಬ್ಬನೇ ಹತ್ತುವುದು, ಮುಗಿಸಿ ಬಂದವನು. ನೋಡುವವರು ಇದ್ದರೆ ಅದು ಸೋಲೋ ಹೇಗಾಗುತ್ತದೆ ಅನ್ನುವುದು ಅವನ ವಾದ.

ಮೆಚ್ಚುಗೆ ಬದುಕಿರುವವರ ಮೇಲೆ ಏನು ಮಾಡುತ್ತದೆ ಅನ್ನುವುದಕ್ಕೆ ಗ್ಯಾರಿ ಹೆಮಿಂಗ್ ಇದ್ದಾನೆ. ಅಮೆರಿಕದವನು, ಫ್ರಾನ್ಸಿನ ಶಾಮೊನಿ ಕಡೆ ಅಲೆದುಕೊಂಡಿದ್ದ. 1966ರಲ್ಲಿ ದ್ರೂ ಶಿಖರದ ಪಶ್ಚಿಮ ಗೋಡೆಯಲ್ಲಿ ಇಬ್ಬರು ಜರ್ಮನ್ನರು ಸಿಕ್ಕಿಕೊಂಡಾಗ ತಾನೇ ಗೆಳೆಯರನ್ನು ಕರೆದುಕೊಂಡು ಹತ್ತಿ ಇಳಿಸಿ ತಂದ. ಫ್ರಾನ್ಸಿನ ಪತ್ರಿಕೆಗಳು ಅವನ ಕೆದರಿದ ಕೂದಲು, ಅಲೆಮಾರಿ ವೇಷ ಎಲ್ಲವನ್ನೂ ಮುಖಪುಟಕ್ಕೆ ಹಾಕಿ ಮೆರೆಸಿದವು. ಅವನ ಮನಸ್ಸು ಮೊದಲೇ ನೆಟ್ಟಗಿರಲಿಲ್ಲ. ಎಲ್ಲರೂ ಅದನ್ನೇ ಚೆಂದ ಅಂದರೆ ಅವನು ಯಾರ ಹತ್ತಿರ ಹೋಗಿ ನನಗೆ ಕಷ್ಟ ಆಗುತ್ತಿದೆ ಅನ್ನಬೇಕು? 1969ರಲ್ಲಿ ಅಮೆರಿಕದ ಟೀಟನ್ಸ್‌ನಲ್ಲಿ ಗುಂಡೇಟಿನಿಂದ ಸತ್ತ.

ನನಗೆ ನಿಜವಾಗಿ ಹೆದರಿಕೆ ಆಗುವುದು ಇಲ್ಲೇ. ನಮ್ಮ ಗುಂಪಿನಲ್ಲೂ ಒಬ್ಬ ಹುಡುಗ ಇದ್ದ. ನಿದ್ದೆ ಇಲ್ಲ, ಕುಡಿತ ಜಾಸ್ತಿ, ಮನಸ್ಸು ಕೆಟ್ಟ ದಿನ ಹಗ್ಗ ಇಲ್ಲದೆ ಹತ್ತುತ್ತಿದ್ದ. ಕೆಳಗೆ ನಿಂತವರು ವಿಡಿಯೋ ಮಾಡಿ 'ಲೆಜೆಂಡ್' ಅಂತ ಹಾಕುತ್ತಿದ್ದರು. ಒಬ್ಬ ಹಿರಿಯರು ಮಾತ್ರ ಅವನನ್ನು ಪಕ್ಕಕ್ಕೆ ಕರೆದು, 'ಊಟ ಆಯ್ತೇನಪ್ಪಾ, ಬಾ' ಅಂತ ಇಡ್ಲಿ ತಿನ್ನಿಸಿ, ಆಮೇಲೆ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದರು. ಈಗ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆ, ಚೆನ್ನಾಗಿದ್ದಾನೆ, ಹತ್ತುವುದು ಬಿಟ್ಟಿದ್ದಾನೆ. ಅವನ ಹಳೆ ವಿಡಿಯೋಗಳನ್ನು ಈಗ ಯಾರೂ ಹಂಚುವುದಿಲ್ಲ.

ದುಡ್ಡಿನ ಪಾತ್ರ ಇಲ್ಲವೇ ಅಂದರೆ, ಇದೆ. ವಿಡಿಯೋ, ಶೂ, ಜಾಕೆಟ್ ಎಲ್ಲ ಇಂಥ ಮುಖಗಳ ಮೇಲೆ ಮಾರಾಟವಾಗುತ್ತವೆ. 2014ರಲ್ಲಿ ಕ್ಲಿಫ್ ಬಾರ್ ಅನ್ನುವ ತಿನಿಸಿನ ಕಂಪನಿ, ಇಷ್ಟು ಅಪಾಯ ನಮಗೆ ಸರಿಹೋಗುವುದಿಲ್ಲ ಅಂತ ಡೀನ್ ಪಾಟರ್, ಅಲೆಕ್ಸ್ ಹೊನೊಲ್ಡ್ ಸೇರಿ ಐವರು ಕ್ಲೈಂಬರ್‌ಗಳ ಪ್ರಾಯೋಜನೆ ನಿಲ್ಲಿಸಿತು. ಪಾಟರ್ ಮುಂದಿನ ವರ್ಷವೇ ಯೊಸೆಮಿಟಿಯಲ್ಲಿ ವಿಂಗ್‌ಸೂಟ್ (ರೆಕ್ಕೆಯಂಥ ಉಡುಪು) ತೊಟ್ಟು ಹಾರುವಾಗ ಸತ್ತ. ಆದರೆ ಕಂಪನಿಗಳ ಮೇಲೆ ಎಲ್ಲ ಹಾಕಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ವಿಂಕ್ಲರ್ ಕಾಲದಲ್ಲಿ ಯಾವ ಸ್ಪಾನ್ಸರ್ ಇದ್ದ?

ಇನ್ನು ನೀವು ಏನು ಹೇಳಬೇಕು ಅನ್ನುವುದಕ್ಕೆ. ಜಗಳ ಆಡಬೇಡಿ, ಕತೆ ಕೇಳಿ. ಅದರಲ್ಲಿ ನಿಜವಾದ ಪ್ರೀತಿಯೂ ಇರುತ್ತದೆ. ಸಾಧ್ಯವಾದರೆ ಪೀಟರ್ ಕ್ರಾಫ್ಟ್ ಹೆಸರು ಎತ್ತಿ. 1987ರಲ್ಲಿ ಯೊಸೆಮಿಟಿಯ ಆಸ್ಟ್ರೋಮ್ಯಾನ್ ಅನ್ನುವ ದಾರಿಯನ್ನು ಹಗ್ಗ ಇಲ್ಲದೆ ಹತ್ತಿದವನು, ಓಸ್ಮನ್ ಓಡಿದ ದಾರಿಗಿಂತ ಎಷ್ಟೋ ಪಟ್ಟು ಕಷ್ಟದ್ದು. ಬದುಕಿದ್ದಾನೆ, ವಯಸ್ಸಾದ ಮೇಲೂ ಹತ್ತುತ್ತಲೇ ಬಂದಿದ್ದಾನೆ. ಆಮೇಲೆ ಸುಮ್ನೆ ಒಂದು ಪ್ರಶ್ನೆ ಕೇಳಿ: ಓಸ್ಮನ್ ಸತ್ತದ್ದು ಹೇಗೆ? ನಾನು ಕೇಳಿ ನೋಡಿದ್ದೇನೆ. ಆ ವಿಡಿಯೋ ಬಾಯಿಪಾಠ ಇರುವವರಲ್ಲೂ ಎಷ್ಟೋ ಜನ, ಅವನು ಸೋಲೋ ಹತ್ತುವಾಗ ಕೈಜಾರಿ ಬಿದ್ದ ಅಂತಲೇ ಅಂದುಕೊಂಡಿದ್ದಾರೆ.