ಅಂಕಿಅಂಶವೋ, ಆಟಗಾರರ ಮಾತೋ?

ಪ್ರಶ್ನೆ: ವಿಡಿಯೋ ಗೇಮ್ ತಯಾರಕರು ಆಟಗಾರರ ದೂರುಗಳನ್ನು ಬದಿಗಿರಿಸಿ, ಬಳಕೆಯ ದತ್ತಾಂಶವನ್ನಷ್ಟೇ ನೋಡಿ ಆಟವನ್ನು ಬದಲಿಸುವುದು ಸರಿಯೇ?

ಉತ್ತರ: ಸರಿಯಲ್ಲ. ಆಟಗಾರರು ಎಲ್ಲಿ ಸೋತರು, ಯಾವ ಹಂತದಲ್ಲಿ ಆಟ ಬಿಟ್ಟರು ಎಂಬುದನ್ನು ದತ್ತಾಂಶವು ನಿಖರವಾಗಿ ತೋರಿಸುತ್ತದೆ. 2007ರಲ್ಲಿ ಬಿಡುಗಡೆಯಾದ ಹೇಲೋ 3 ಎಂಬ ಶೂಟಿಂಗ್ ಆಟದ ಪರೀಕ್ಷೆಯ ವೇಳೆ ಆಟಗಾರರು ಸತ್ತ ಜಾಗಗಳನ್ನು ನಕ್ಷೆಯ ಮೇಲೆ ಬಣ್ಣಗಳಿಂದ ಗುರುತಿಸಲಾಗಿತ್ತು. ಆದರೆ ಏಕೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರುವುದಿಲ್ಲ. ಒಂದು ಆಯುಧವನ್ನು ಯಾರೂ ಬಳಸುತ್ತಿಲ್ಲವೆಂದರೆ ಅದು ದುರ್ಬಲವಾಗಿರಬಹುದು, ಇಲ್ಲವೇ ಮೆನುವಿನ ಮೂರನೆಯ ಪುಟದಲ್ಲಿ ಕಣ್ಣಿಗೆ ಬೀಳದಂತೆ ಕುಳಿತಿರಬಹುದು.

ಗೇಮ್ ವಿನ್ಯಾಸಕ ಸಿಡ್ ಮೈಯರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸಿನಲ್ಲಿ ಹೇಳಿದ ಪ್ರಸಂಗ ಇನ್ನೂ ಸ್ವಾರಸ್ಯಕರವಾದುದು. ಅವರ ಸಿವಿಲೈಸೇಶನ್ ಎಂಬ ತಂತ್ರಗಾರಿಕೆಯ ಆಟದ ಕಾಳಗದಲ್ಲಿ ತಮ್ಮ ಪಡೆಗೆ 3ಕ್ಕೆ 1ರ ಮೇಲುಗೈ ಇದ್ದಾಗ ನಾಲ್ಕರಲ್ಲಿ ಒಮ್ಮೆ ಸೋಲುವುದು ಲೆಕ್ಕದ ಪ್ರಕಾರ ಸರಿಯೇ ಆದರೂ, ಆಡಿ ನೋಡಿದವರು ಅದನ್ನು ಅನ್ಯಾಯವೆಂದು ದೂರಿದರು. ಅದೇ ಅನುಪಾತದಲ್ಲಿ ತಮ್ಮ ದುರ್ಬಲ ಪಡೆ ಗೆದ್ದಾಗ ಮಾತ್ರ ಯಾರೂ ತಕರಾರೆತ್ತಲಿಲ್ಲ! ಕೊನೆಗೆ ತಂಡವು ಲೆಕ್ಕವನ್ನೇ ಆಟಗಾರರ ಅನಿಸಿಕೆಗೆ ತಕ್ಕಂತೆ ಹೊಂದಿಸಿತು.

ಹಾಗೆಂದು ದೂರುಗಳನ್ನೆಲ್ಲ ಅಕ್ಷರಶಃ ಪಾಲಿಸಬೇಕಿಲ್ಲ. ಬೇಸತ್ತು ಆಟ ಬಿಟ್ಟವರಲ್ಲಿ ಹೆಚ್ಚಿನವರು ಏನನ್ನೂ ಬರೆಯದೆ ಹೋಗುತ್ತಾರೆ. ಬರೆಯುವವರು ಹೇಳುವ ತೊಂದರೆ ಸಾಮಾನ್ಯವಾಗಿ ನಿಜವೇ ಆಗಿದ್ದರೂ, ಅವರು ಸೂಚಿಸುವ ಪರಿಹಾರವನ್ನು ದತ್ತಾಂಶದೊಡನೆ ತಾಳೆ ನೋಡಿಯೇ ಒಪ್ಪಬೇಕಾಗುತ್ತದೆ.