ಸಂಜೆ ಐದಕ್ಕೆ ಮಗು ಯಾರ ಕೈಯಲ್ಲಿರುತ್ತದೆ?

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಮಗಳಿಗೆ 2 ವರ್ಷ 8 ತಿಂಗಳು. ಹೆಸರುವಾಸಿ ಮಾಂಟೆಸ್ಸರಿಯಲ್ಲಿ ಸೀಟು ಸಿಕ್ಕಿದೆ, ಆದರೆ ಅಲ್ಲಿ ಇರುವುದು ಬೆಳಗ್ಗೆ 3 ಗಂಟೆ ಮಾತ್ರ. ವ್ಯಾನಿನಲ್ಲಿ ಹೋಗಿಬಂದು ಉಳಿದ ಹೊತ್ತು ಮನೆಯಲ್ಲಿ ನೋಡಿಕೊಳ್ಳುವವರ ಜೊತೆ ಇರಬೇಕು. ಇನ್ನೊಂದು, ನನ್ನ ಆಫೀಸಿನ ಹತ್ತಿರ ಡೇಕೇರ್ ಕೂಡ ಇರುವ ಪ್ರಿಸ್ಕೂಲ್. ಸಂಜೆ ಆರೂವರೆಯವರೆಗೆ ತೆರೆದಿರುತ್ತದೆ, ಅಂಥ ಹೆಸರೇನಿಲ್ಲ. ನನ್ನ ಅನುಕೂಲ ನೋಡಿಕೊಂಡು ಮಗಳ ಕಲಿಕೆಗೆ ಕಲ್ಲು ಹಾಕುತ್ತಿದ್ದೇನೆಯೇ ಎಂದು ನಿದ್ದೆ ಬರುತ್ತಿಲ್ಲ.

ಉತ್ತರ: ನೀವು ಕಲ್ಲು ಹಾಕುತ್ತಿಲ್ಲ. ಈ ವಯಸ್ಸಿನ ಮಗು ಕಲಿಯುವುದು ತನಗೆ ಗುರುತಾದ, ತನ್ನ ಮಾತಿಗೆ ಮರುಮಾತು ಕೊಡುವ ದೊಡ್ಡವರ ಜೊತೆ. ಆ ದೊಡ್ಡವರು ದಿನಕ್ಕೆ ಎಷ್ಟು ಸಲ ಬದಲಾಗುತ್ತಾರೆ ಎನ್ನುವುದು ಶಾಲೆಯ ಹೆಸರಿಗಿಂತ ದೊಡ್ಡ ಪ್ರಶ್ನೆ.

ಒಂದು ಹಾಳೆಯಲ್ಲಿ ಮಗಳ ಇಡೀ ದಿನವನ್ನು ಅರ್ಧರ್ಧ ಗಂಟೆಯಾಗಿ ಬರೆಯಿರಿ. ಪಕ್ಕದಲ್ಲೇ, ಆ ಹೊತ್ತಿಗೆ ಅವಳು ಯಾರ ಕೈಯಲ್ಲಿ ಎಂದು ಬರೆಯಿರಿ. ಮೊದಲನೆಯ ಏರ್ಪಾಟಿನಲ್ಲಿ ನಿಮ್ಮಿಂದ ವ್ಯಾನಿಗೆ, ವ್ಯಾನಿನಿಂದ ಟೀಚರಿಗೆ, ಮತ್ತೆ ವ್ಯಾನಿಗೆ, ಅಲ್ಲಿಂದ ನೋಡಿಕೊಳ್ಳುವವರಿಗೆ, ಕೊನೆಗೆ ನಿಮಗೆ: 5 ಸಲ ಕೈ ಬದಲು. ಎರಡನೆಯದರಲ್ಲಿ 2 ಸಲ. ನೋಡಿಕೊಳ್ಳುವವರು ಬಾರದ ದಿನವಂತೂ ಮಟಮಟ ಮಧ್ಯಾಹ್ನ ನಿಮ್ಮಿಬ್ಬರಲ್ಲಿ ಒಬ್ಬರು ಆಫೀಸು ಬಿಟ್ಟು ಓಡಬೇಕು. ಹಾಗಾಗಿ ನನ್ನ ಒಲವು ಎರಡನೆಯದರ ಕಡೆಗೆ. ಆದರೆ ಅದನ್ನು ಸಂಜೆ ಹೋಗಿ ನೋಡಿದ ಮೇಲೆ.

ಶಾಲೆಯವರು ನಿಮ್ಮನ್ನು ಕರೆಯುವುದು ಬೆಳಗ್ಗೆ ಹತ್ತರ ಸುಮಾರಿಗೆ. ಆಗ ಎಲ್ಲ ಟೀಚರುಗಳೂ ಇರುತ್ತಾರೆ, ಮಕ್ಕಳೂ ಗೆಲುವಾಗಿರುತ್ತಾರೆ. ನಾಲ್ಕು ದಾಟಿದ ಮೇಲೆ ಅರ್ಧ ಸಿಬ್ಬಂದಿ ಮನೆಗೆ ಹೊರಟಿರುತ್ತಾರೆ. ಎರಡು ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಗೆ ಸೇರಿಸುತ್ತಾರೆ, ಟಿವಿ ಹಚ್ಚುವುದೂ ಆಗಲೇ. ನಿಮ್ಮ ಮಗಳು ದಿನಾ ಇರಬೇಕಾದದ್ದು ಆ ಕೋಣೆಯಲ್ಲಿ. ಐದು ಗಂಟೆಗೆ ಹೋಗಿ ತಲೆ ಎಣಿಸಿ. ಮೂರು ತುಂಬದವರಿದ್ದರೆ 5-6 ಮಕ್ಕಳಿಗೆ ಒಬ್ಬರು ದೊಡ್ಡವರು ಇರಲೇಬೇಕು. 15 ಮಕ್ಕಳಿಗೆ ಒಬ್ಬರೇ ಆಯಾ ಇದ್ದರೆ ಮುಂದಿನದನ್ನು ಕೇಳದೆ ವಾಪಸ್ ಬನ್ನಿ. ಟಿವಿ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಸ್ಪಷ್ಟವಾಗಿದೆ: 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಅದೇ ಮಾರ್ಗಸೂಚಿ ದಿನಕ್ಕೆ 180 ನಿಮಿಷ ಓಡಾಟ, ಆಟ ಬೇಕು ಎನ್ನುತ್ತದೆ. ಆದ್ದರಿಂದ ಅಂಗಳ ಎಷ್ಟು ದೊಡ್ಡದು ಎಂದಲ್ಲ, ದಿನಕ್ಕೆ ಎಷ್ಟು ಹೊತ್ತು ಮಕ್ಕಳನ್ನು ಅಲ್ಲಿಗೆ ಬಿಡುತ್ತೀರಿ ಎಂದು ಕೇಳಿ.

ಅಲ್ಲೇ ಒಂದು ಮೂಲೆಯಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ಯಾವುದಾದರೂ ಮಗುವಿನ ಮೂಗು ಸೋರುತ್ತಲೇ ಇರುತ್ತದೆ, ಅದನ್ನು ಹೇಗೆ ಒರೆಸುತ್ತಾರೆ ನೋಡಿ. ಹಿಂದಿನಿಂದ ಬಂದು ತಲೆ ಹಿಡಿದು ಸರಕ್ಕನೆ ಒರೆಸಿ ಹೋಗುತ್ತಾರೋ, ಎದುರಿಗೆ ಕುಕ್ಕರಗಾಲಲ್ಲಿ ಕೂತು "ಮೂಗು ಒರೆಸ್ಲಾ ಪುಟ್ಟಾ?" ಎಂದು ಕೇಳಿ ಒರೆಸುತ್ತಾರೋ? ಚಡ್ಡಿ ಒದ್ದೆ ಮಾಡಿಕೊಂಡ ಮಗುವನ್ನು ಎಲ್ಲರೆದುರು ಗದರುತ್ತಾರೋ, ಸದ್ದಿಲ್ಲದೆ ಕರೆದುಕೊಂಡು ಹೋಗುತ್ತಾರೋ? ಗೋಡೆಯ ಮೇಲಿನ ಚಾರ್ಟುಗಳು ಇದನ್ನು ಹೇಳುವುದಿಲ್ಲ. ಒಬ್ಬೊಬ್ಬ ಟೀಚರನ್ನೂ ಬಿಡಿಯಾಗಿ ಮಾತಾಡಿಸಿ, "ಎಷ್ಟು ವರ್ಷದಿಂದ ಇದ್ದೀರಿ?" ಎಂದು ಕೇಳಿ. ಎಲ್ಲರೂ ಆರು ತಿಂಗಳೊಳಗೆ ಸೇರಿದವರಾದರೆ ಜನ ಅಲ್ಲಿ ನಿಲ್ಲುತ್ತಿಲ್ಲ ಎಂದರ್ಥ. ಮಗಳು ಒಗ್ಗಿಕೊಂಡ ಟೀಚರೂ ನಾಳೆ ಇರಲಾರರು.

ಕಲಿಕೆಯ ವಿಷಯ. ಮಾಂಟೆಸ್ಸರಿ ಎಂಬ ಹೆಸರಿಗೆ ಒಡೆಯರಿಲ್ಲ, ಯಾರು ಬೇಕಾದರೂ ಬೋರ್ಡಿನ ಮೇಲೆ ಬರೆಸಬಹುದು. 3ರಿಂದ 6 ವರ್ಷದವರು ಒಂದೇ ಕೋಣೆಯಲ್ಲಿದ್ದು, ಮಗು ತಾನೇ ಆರಿಸಿದ ಕೆಲಸವನ್ನು ಯಾರೂ ತಡೆಯದೆ ಮಾಡಲು ಬಿಡುತ್ತಾರೆಯೇ ಎಂದು ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ. ಇತ್ತ ಡೇಕೇರಿನವರು ಈಗಲೇ ವರ್ಕ್‌ಶೀಟ್ ತಿದ್ದಿಸುತ್ತೇವೆ ಎಂದರೆ ಅದಕ್ಕೆ ಮರುಳಾಗಬೇಡಿ. ಬೆರಳಿಗೆ ಬಲ ಬರುವುದು ಹಿಟ್ಟು ನಾದಿ, ಮಣಿ ಪೋಣಿಸಿ, ಕಾಗದ ಹರಿದು.

ಸೇರಿಸುವ ಮುನ್ನ ಕಾಯಿಲೆಯ ನಿಯಮವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಔಷಧಿ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಮಗುವನ್ನು ಸೇರಿಸಿಕೊಳ್ಳುತ್ತೇವೆ ಎನ್ನುವ ಕಡೆ ನಿಮಗೆ ತೊಂದರೆಯೇ, ಆದರೆ ಅದೇ ಒಳ್ಳೆಯ ಜಾಗ. ಮೊದಲ ವರ್ಷ ನೆಗಡಿ ಜ್ವರ ಮೇಲಿಂದ ಮೇಲೆ ಬರುತ್ತದೆ. ಯಾರು ಯಾವಾಗ ರಜೆ ಹಾಕುವುದೆಂದು ಗಂಡ ಹೆಂಡತಿ ಈಗಲೇ ಮಾತಾಡಿಕೊಳ್ಳಿ, ಆ ಭಾರ ನಿಮ್ಮೊಬ್ಬರ ಮೇಲೇ ಬೀಳಬಾರದು.

ಸೇರಿಸಿದ ಮೇಲೆ 2 ವಾರ ಕೈಯಲ್ಲಿಟ್ಟುಕೊಳ್ಳಿ. ಮೊದಲ 2-3 ದಿನ ಒಂದು ಗಂಟೆ ನೀವೂ ಜೊತೆಗಿರಿ. ಆಮೇಲೆ 20 ನಿಮಿಷ ಹೊರಗೆ ಹೋಗಿ ಬನ್ನಿ, ದಿನದಿನಕ್ಕೂ ಹೊತ್ತು ಹೆಚ್ಚಿಸಿ. ಹೊರಡುವಾಗ ಹೇಳಿಯೇ ಹೊರಡಿ. ಅವಳು ಆಡುತ್ತಿರುವಾಗ ಕಣ್ಣು ತಪ್ಪಿಸಿ ಬಂದರೆ ಮರುದಿನದಿಂದ ಆಟ ಬಿಟ್ಟು ಬಾಗಿಲನ್ನೇ ಕಾಯುತ್ತಾಳೆ. ಸಂಜೆ ನಿಮ್ಮನ್ನು ಕಂಡೊಡನೆ ಗೊಳೋ ಎಂದು ಅತ್ತರೆ ದಿನವಿಡೀ ಅತ್ತಿದ್ದಾಳೆ ಎಂದುಕೊಳ್ಳಬೇಡಿ. ಬಿಗಿಹಿಡಿದದ್ದನ್ನು ತನ್ನವರ ಮುಂದೆ ಬಿಡುತ್ತಿದ್ದಾಳೆ. 6 ವಾರ ಕಳೆದರೂ ರಾತ್ರಿ ಬೆಚ್ಚಿ ಏಳುವುದು, ಊಟ ಬಿಡುವುದು, ಯಾರೋ ಒಬ್ಬರನ್ನು ಕಂಡರೆ ಮುದುಡುವುದು ನಿಲ್ಲದಿದ್ದರೆ, ಕಟ್ಟಿದ ಫೀಸಿನ ಮುಖ ನೋಡದೆ ಬಿಡಿಸಿಬಿಡಿ.