‘ಈಗ ಬೇಡ’ ಅಂದವರು ಯಾರು?

(ನನ್ನ ಹತ್ತಿರ ಸಲಹೆಗೆ ಬಂದವರ ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಸುಮಾಗೆ 33 ವರ್ಷ. ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ಮನೆ ದಾವಣಗೆರೆಯಲ್ಲಿ. ನನ್ನ ಹತ್ತಿರ ಕರೆದುಕೊಂಡು ಬಂದದ್ದು ಅವರ ತಾಯಿ. “ಬಂದ ಗಂಡೆಲ್ಲ ಒಲ್ಲೆ ಅಂತಾಳ್ರೀ ಮೇಡಂ. ಮನಸ್ಸಲ್ಲಿ ಏನಿದೆಯೋ ನೀವೇ ಕೇಳ್ರಿ” ಅಂದು ಹೊರಗೆ ಬೆಂಚಿನ ಮೇಲೆ ಕೂತರು.

ಸುಮಾ ಹೇಳಿದ್ದು ಒಂದೇ ಮಾತು. “ಮದುವೆ ಬೇಡ ಅಂತಲ್ಲ ಮೇಡಂ. ಈಗ ಬೇಡ.” ಈ ‘ಈಗ’ ಶುರುವಾಗಿ ಒಂಬತ್ತು ವರ್ಷ ಆಗಿತ್ತು.

ಮದುವೆ ತಡವಾದರೆ ಜನ ಏನಂತಾರೆ ಗೊತ್ತಲ್ವಾ? ಓದು ಜಾಸ್ತಿ ಆಯ್ತು, ಸಂಬಳದ ಸೊಕ್ಕು, ಯಾರೋ ಇದ್ದಾರೆ. ನಾನು ಅದ್ಯಾವುದನ್ನೂ ಕೇಳಲಿಲ್ಲ. ಇಲ್ಲಿಯವರೆಗೆ ಬಂದ ಸಂಬಂಧಗಳನ್ನೆಲ್ಲ ಬರೆದು, ಪ್ರತಿಯೊಂದರ ಮುಂದೆ ಬೇಡ ಅಂದವರು ಯಾರು ಅಂತ ಬರೆಯಿರಿ ಅಂದೆ.

ಹನ್ನೊಂದು ಸಂಬಂಧ. ಮೂರು ಕಡೆಯವರು ಕೆಲಸ ಬಿಡಬೇಕು ಅಂದಿದ್ದರು. ಎರಡು ಕಡೆ ವರದಕ್ಷಿಣೆ ಮಾತು. ಸುಮಾ ತಾವಾಗಿ ಒಲ್ಲೆ ಅಂದದ್ದು ಎರಡೇ. ಉಳಿದ ನಾಲ್ಕು ಅವರ ತನಕ ಬಂದೇ ಇರಲಿಲ್ಲ. “ಜಾತಕ ಕೂಡಲಿಲ್ಲ ಅಂದ್ರು ಅಪ್ಪಾಜಿ. ಒಂದು ಜಾತಕವನ್ನಂತೂ ಯಾರಿಗೂ ತೋರಿಸಿಯೇ ಇರಲಿಲ್ಲವಂತೆ, ಆಮೇಲೆ ಅತ್ತೆ ಹೇಳಿದ್ರು” ಅಂದರು. ಹೇಳುವಾಗ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಆಮೇಲೆ ಹಣದ ಮಾತು ಬಂತು. ಕೈಗೆ ಬರುವುದು ಸುಮಾರು 50 ಸಾವಿರ. ಮನೆ ಸಾಲದ ಕಂತು 19 ಸಾವಿರ, ತಮ್ಮನ ಎಂಜಿನಿಯರಿಂಗ್ ಸಾಲ 8 ಸಾವಿರ, ತಂದೆಯ ಶುಗರ್, ಬಿಪಿ ಮಾತ್ರೆಗೆ 3 ಸಾವಿರ, ಮನೆ ಖರ್ಚು 14 ಸಾವಿರ. ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಹಬ್ಬಕ್ಕೆ ಬಂದಾಗ ಐದು ಸಾವಿರ ಕೊಡುತ್ತಾನೆ. ಎಟಿಎಂ ಕಾರ್ಡು ತಾಯಿಯ ಹತ್ತಿರ. ಸಾಲ ತೀರಲಿ, ಆಮೇಲೆ ಮದುವೆ ಅಂತ ಮನೆಯಲ್ಲಿ ಮಾತು. ಸಾಲ ಇನ್ನೂ ಒಂಬತ್ತು ವರ್ಷ ಇದೆ.

ಮುಂದಿನ ವಾರ ಸುಮಾ, ತಂದೆ, ತಾಯಿ ಮೂವರನ್ನೂ ಕೂರಿಸಿಕೊಂಡೆ. ತಂದೆ ಕೆಲಸ ಮಾಡುತ್ತಿದ್ದ ಹತ್ತಿ ಗಿರಣಿ ಮುಚ್ಚಿದ ಮೇಲೆ ದಲಾಲಿ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಊರವರ ಲೆಕ್ಕವನ್ನೆಲ್ಲ ಬರೆದ ಕೈ. ಒಂದು ಹಾಳೆ ಕೊಟ್ಟು, ನಿಮ್ಮ ಮನೆಯ ಜಮಾ ಖರ್ಚು ಬರೆಯಿರಿ ಅಂದೆ. ಮೇಲೆ ‘ಶ್ರೀ’ ಬರೆದರು. ನಡುವೆ ಗೆರೆ ಎಳೆದರು. ಖರ್ಚಿನ ಕಡೆ ಸರಸರನೆ ತುಂಬಿತು. ಜಮಾ ಕಡೆ ಮಗಳ ಹೆಸರು ಬರೆದು, ಅದರ ಕೆಳಗೆ ಪೆನ್ನು ಊರಿ ಹಾಗೇ ಕೂತರು. ಬರೆಯಲು ಇನ್ನೊಂದು ಹೆಸರಿರಲಿಲ್ಲ.

“ಇವಳೇ ನಮ್ಮ ಮನೆ ಗಂಡುಮಗ” ಅಂದರು ತಾಯಿ, ಹೆಮ್ಮೆಯಿಂದಲೇ. ನಾನು ಹೇಳಿದೆ: ಅಮ್ಮ, ಗಂಡುಮಗ ಆಗಿದ್ದರೆ ಇಷ್ಟು ಹೊತ್ತಿಗೆ ಮದುವೆ ಮಾಡುತ್ತಿದ್ದಿರಿ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಇವರು ಕೆಟ್ಟವರಲ್ಲ. ಆದಾಯ ಒಮ್ಮೆ ನಿಂತುಹೋದ ಮನೆಗೆ ಮತ್ತೆ ನಿಂತರೆ ಗತಿಯೇನು ಅನ್ನುವ ಭಯ ಇರುತ್ತದೆ. ಆ ಭಯದ ಭಾರವೆಲ್ಲ ಒಬ್ಬಳ ಮೇಲೆ ಬಿದ್ದಿತ್ತು, ಅಷ್ಟೇ.

ಸಲಹೆಯಲ್ಲಿ ಮೊದಲನೆಯದು ತಮ್ಮನಿಗೆ ಫೋನ್. ಅಲ್ಲಿಯೇ ಮಾಡಿಸಿದೆ. ಅವನ ಓದಿನ ಸಾಲ ಅವನದೇ, ಈ ತಿಂಗಳಿಂದ ಅವನೇ ಕಟ್ಟಬೇಕು. “ಅಕ್ಕ ಒಂದಿನಾನೂ ಹೇಳಲಿಲ್ಲ” ಅಂದ. ನಿಜ, ಹೇಳಿರಲಿಲ್ಲ. ಎಟಿಎಂ ಕಾರ್ಡು ಸುಮಾ ಕೈಗೆ ಬರಲಿ, ಉಳಿಯುವ ಹಣದಲ್ಲಿ ಅವರ ಹೆಸರಿಗೆ ಒಂದು ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಶುರುವಾಗಲಿ ಅಂದೆ.

ಮನೆಯ ವಿಷಯವನ್ನು ತಂದೆಯ ಎದುರೇ ಎತ್ತಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಇದೆ. ಆದರೆ ಇದು ತಂದೆ ತಮ್ಮ ಹೆಸರಿಗೆ ಕೊಂಡ ಮನೆ. ಉಯಿಲು ಬರೆದು ಯಾರಿಗೆ ಬೇಕಾದರೂ ಕೊಡಬಹುದು. ಕಂತು ಕಟ್ಟಿದ ಮಾತ್ರಕ್ಕೆ ಮಗಳು ಒಡತಿ ಆಗುವುದಿಲ್ಲ. ವಕೀಲರನ್ನು ಕಂಡು, ಮಗಳ ಪಾಲನ್ನು ಕಾಗದದಲ್ಲಿ ಬರೆಸಿ ಅಂದೆ. ತಂದೆ ತಲೆಯಾಡಿಸಿದರು.

ಸುಮಾ ಒಬ್ಬರೇ ಇದ್ದಾಗ ನಾನು ಹೇಳಿದ ಮಾತು ಬೇರೆ. ಮದುವೆಯೇ ಬೇಡ ಅನ್ನಿಸಿದರೆ ಅದೂ ಸರಿಯೇ, ಆದರೆ ಬೇಡ ಅಂತ ನೀವೇ ತೀರ್ಮಾನಿಸಿ, ‘ಈಗ ಬೇಡ’ದ ಹಿಂದೆ ಅಡಗಬೇಡಿ. ಬೇಕು ಅಂತಿದ್ದರೆ, ಮಕ್ಕಳೂ ಬೇಕು ಅಂತಿದ್ದರೆ, ಒಮ್ಮೆ ಸ್ತ್ರೀರೋಗ ತಜ್ಞರನ್ನು ಕಾಣಿ. 35 ದಾಟಿದ ಮೇಲೆ ಗರ್ಭ ನಿಲ್ಲುವ ಸಾಧ್ಯತೆ ಬೇಗ ಕಡಿಮೆಯಾಗುತ್ತದೆ. ಹಾಗಂತ ಸಿಕ್ಕವರಿಗೆ ಹೂಂ ಅನ್ನಬೇಕಿಲ್ಲ. ವರದಕ್ಷಿಣೆ ಕೇಳಿದವರನ್ನು ಬಿಟ್ಟಿದ್ದು ಸರಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಪ್ರಕಾರ ಕೊಡುವುದೂ ಅಪರಾಧ. ಮದುವೆಯಾದ ಮೇಲೂ ಅಪ್ಪ ಅಮ್ಮನಿಗೆ ತಿಂಗಳಿಗೆ ಇಷ್ಟು ಕೊಡುತ್ತೇನೆ ಅಂತ ಹುಡುಗನಿಗೆ ಮೊದಲ ಭೇಟಿಯಲ್ಲೇ ಹೇಳಿ. ತಂದೆ ತಾಯಿಯನ್ನು ನೋಡಿಕೊಳ್ಳುವ ಹೊಣೆ ಮಗಳಿಗೂ ಇದೆ ಅಂತ 2007ರ ಹಿರಿಯ ನಾಗರಿಕರ ಕಾಯ್ದೆಯೇ ಹೇಳುತ್ತದೆ. ಮುಚ್ಚಿಡುವಂಥ ವಿಷಯವಲ್ಲ.

ಮೂರು ತಿಂಗಳಾದ ಮೇಲೆ ಸುಮಾ ಒಬ್ಬರೇ ಬಂದರು. ತಮ್ಮ ತನ್ನ ಸಾಲ ತಾನೇ ಕಟ್ಟುತ್ತಿದ್ದಾನೆ. ಮನೆ ಕಾಗದ ಇನ್ನೂ ಆಗಿಲ್ಲ. ರಾಣೆಬೆನ್ನೂರಿನಿಂದ ಒಂದು ಸಂಬಂಧ ಬಂದಿದೆ. ಈ ಸಲ ತಂದೆ ಜಾತಕ ಮುಟ್ಟಿಲ್ಲ. ಹುಡುಗನ ನಂಬರನ್ನು ಚೀಟಿಯಲ್ಲಿ ಬರೆದು, “ಮೊದಲು ನೀನೇ ಮಾತಾಡವ್ವ” ಅಂದರಂತೆ.

ಚೀಟಿ ಪರ್ಸಿನಲ್ಲೇ ಇತ್ತು. ತೆಗೆದು ತೋರಿಸಿದರು. “ಹಣದ ವಿಷಯ ಫೋನಿನಲ್ಲೇ ಹೇಳಲಾ, ಭೇಟಿಯಾದಾಗ ಹೇಳಲಾ ಮೇಡಂ?” ಅಂತ ಕೇಳಿದರು.

ಎದುರು ಕೂತು ಹೇಳಿ, ಅವರ ಮುಖ ನೋಡುತ್ತಾ ಹೇಳಿ ಅಂದೆ.